ಸಮಾಧಿ ಸುತ್ತಲಿನ ಲಕ್ಕಿ

ಹಳ್ಳದ ದಂಡೆ ಉಳಿಸಿಕೊಳ್ಳಿ ಎಂದು ರೈತರಿಗೆ ಹೇಳುತ್ತಾ ತಿರುಗುವುದು ನನ್ನ ಕೆಲಸ. ಅಂಚಿನವರೆಗೂ ಉಳಬೇಡಿ, ಲಕ್ಕಿ, ಹೊಂಗೆ ಗಿಡ ಕೀಳಬೇಡಿ, ಮಣ್ಣು ಹಿಡಿದಿರುವುದೇ ಆ ಬೇರುಗಳು. ಜಗಳೂರಿನ ಕಡೆ ಹೇಳಿದರೆ, "ಮೊದ್ಲು ಹಳ್ಳದಾಗೆ ನೀರು ಬರ್ಲಿ ಬಿಡ್ರೀ ಮೇಡಂ" ಎಂದು ನಗುತ್ತಾರೆ. ನ್ಯಾಮತಿ ಕಡೆ ಹೂಂಗುಟ್ಟಿ, ನಾನು ಸ್ಕೂಟಿ ಹತ್ತುವುದನ್ನೇ ಕಾದು ಜೆಸಿಬಿ ಕರೆಸುತ್ತಾರೆ. ಗೋರ್ಕಲ್ಲ ಮೇಲೆ ಮಳೆಗರೆದಂತೆ!

ಗೋವಿನಕೋವಿ ಹತ್ತಿರ ಒಬ್ಬ ಅಮ್ಮ ಮಾತ್ರ ನನ್ನ ಮಾತು ಕೇಳಿದ್ದರು. ಗಂಡ ತೀರಿಕೊಂಡ ಮೇಲೆ ಮೆಕ್ಕೆಜೋಳದ ಹೊಲವನ್ನು ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ದಂಡೆಯುದ್ದಕ್ಕೂ ಲಕ್ಕಿ ಬೆಳೆಯಲು ಬಿಟ್ಟರು, ಒಂದು ಜಾಗದ ಹೊರತು. ಅಲ್ಲಿ ಗಂಡನ ಸಮಾಧಿ ಇತ್ತು. ಆ ಕಡೆ ಎಷ್ಟೋ ಮನೆಯವರು ಸತ್ತವರನ್ನು ಸ್ವಂತ ಹೊಲದಲ್ಲೇ, ಉಳುಮೆಗೆ ಅಡ್ಡವಾಗದಂತೆ ಹಳ್ಳದ ಅಂಚಿನಲ್ಲಿ ಹೂಳುತ್ತಾರೆ. ಪಿತೃಪಕ್ಷ ಬಂತೆಂದರೆ ಸುತ್ತಲಿನ ಗಿಡವನ್ನೆಲ್ಲ ಬೇರು ಸಮೇತ ಕಿತ್ತು, ಸುಣ್ಣ ಬಳಿದು, ಎಡೆ ಇಡುತ್ತಾರೆ.

"ಅಮ್ಮಾ, ಬೇಕಿದ್ರೆ ಕೊಂಬೆ ಸವರ್ರಿ. ಬೇರು ಕೀಳಾಕೆ ಮಾತ್ರ ಹೋಗ್ಬ್ಯಾಡ್ರಿ, ದಂಡೆ ಕುಸಿತೈತೆ" ಎಂದೆ.

"ನಮ್ಮ ಯಜಮಾನ್ರು ಗಿಡಗಂಟಿ ಒಳಗೆ ಮಲಗ್ಬೇಕೇನ್ರೀ? ನೋಡಿದೋರು ಏನಂತಾರೆ? ಗಂಡ ಸತ್ತಿದ್ದೇ ತಡ, ಮರೆತ್ಬಿಟ್ಳು ಅನ್ನಲ್ವಾ?"

"ನೋಡಿದೋರು ಬಂದು ಮಣ್ಣು ಹಿಡ್ಕೊಂತಾರಾ?" ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಅವರು ಗುದ್ದಲಿ ಎತ್ತಿಕೊಂಡರು.

ಆ ಸಲ ಚಿತ್ತೆ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಹಳ್ಳ ಇಳಿದ ಮೇಲೆ ಹೋಗಿ ನೋಡಿದೆ. ಲಕ್ಕಿ ಇದ್ದ ಕಡೆ ಗಿಡ ಮಲಗಿತ್ತು, ಮಣ್ಣು ಕದಲಿರಲಿಲ್ಲ. ಕೆರೆದು ಚೊಕ್ಕ ಮಾಡಿದ್ದ ಜಾಗವನ್ನಷ್ಟೇ ನೀರು ಕೊಚ್ಚಿಕೊಂಡು ಹೋಗಿತ್ತು. ಸಮಾಧಿ ಇರಲಿಲ್ಲ. ಆ ಅಮ್ಮ ಕೆಳಗಿನ ಕೆಸರಿನಲ್ಲಿ ಕೈಯಾಡಿಸುತ್ತಾ ಕೂತಿದ್ದರು. ಸಿಕ್ಕಿದ್ದು ಸುಣ್ಣ ಹತ್ತಿದ ಒಂದು ಇಟ್ಟಿಗೆ. ಅದನ್ನು ಸೆರಗಿನಿಂದ ಒರೆಸುತ್ತಿದ್ದರು. ನನ್ನ ಮಾತೇ ನಿಜವಾಯಿತಲ್ಲ, ಥೂ, ಸುಳ್ಳಾಗಬಾರದಿತ್ತೇ ಎನ್ನಿಸಿತು.

ಮುಂದಿನ ಪಿತೃಪಕ್ಷಕ್ಕೆ ಮುಂಚೆ ಮೇಲಿನ ಊರಿನ ರೈತರನ್ನು ದಂಡೆ ತೋರಿಸಲು ಕರೆದುಕೊಂಡು ಹೋದೆ. ಆ ಹೊಲದಲ್ಲಿ ನಿಲ್ಲದೆ ಮುಂದೆ ಹೋಗೋಣವೆಂದುಕೊಂಡಿದ್ದೆ. ಆ ಅಮ್ಮನೇ ನಮ್ಮನ್ನು ತಡೆದು ನಿಲ್ಲಿಸಿದರು. ಲಕ್ಕಿ ಕಡೆ ಕೈ ತೋರಿಸಿ, "ಇಲ್ಲಿ ಗಿಡ ಬಿಟ್ಟಿದ್ದೆ, ಮಣ್ಣು ಐತೆ" ಎಂದರು.

ಆಮೇಲೆ ಕುಸಿದ ದಂಡೆಯ ಕಡೆ ತಿರುಗಿದರು.

"ಇಲ್ಲಿ ಚೊಕ್ಕ ಮಾಡಿದ್ದೆ. ಈ ಸಲ ಎಡೆ ಎಲ್ಲಿ ಇಡ್ಲಿ, ನೀವೇ ಹೇಳ್ರಿ."