ಒಂದೇ ಮರದ ಸುಳ್ಳು

ಕಾಪುವಿನ ಆ ಮನೆಯ ಸುತ್ತು ಮೆಟ್ಟಿಲಿಗೆ ನಾನು ಕೂರಿಸಿದ ಹ್ಯಾಂಡ್‌ರೇಲ್ ಒಂದೇ ಮರವನ್ನು ಬಗ್ಗಿಸಿ ಮಾಡಿದ್ದಲ್ಲ. ತುಂಡು ತುಂಡಾಗಿ ಕೊಯ್ದು, ಒಳಗೆ ಬೋಲ್ಟ್ ಕೊಟ್ಟು ಬಿಗಿದು, ಸಂದಿಗೆ ಅಂಟು ಮತ್ತು ಮರದ ಹುಡಿ ತುಂಬಿ, ಮೇಲೆ ಪಾಲಿಶ್ ಹೊಡೆದದ್ದು. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಸುಳ್ಳು ಹೇಳಲು ಒಂದು ಉಸಿರೂ ಬೇಕಾಗಿರಲಿಲ್ಲ.

ಜೋಡಿಸಿದ್ದು ತಪ್ಪಲ್ಲ. ಅಷ್ಟು ದಪ್ಪದ ಸಾಗುವಾನಿಯನ್ನು ಹಾವಿನಂತೆ ಸುತ್ತಿಸಲು ನಮ್ಮ ಕಡೆಯ ಯಾವ ಆಚಾರಿಗೂ ಆಗುವುದಿಲ್ಲ. ಎಲ್ಲರೂ ಜೋಡಿಸಿಯೇ ಮಾಡುತ್ತಾರೆ. ಆದರೆ ಮನೆಯ ಯಜಮಾನರಾದ ಜಯಣ್ಣ, ದುಬಾಯಿಯಲ್ಲಿ ಅರ್ಧ ಆಯುಷ್ಯ ದುಡಿದು ಬಂದವರು, ಕೆಲಸ ಮುಗಿದ ದಿನ ಹ್ಯಾಂಡ್‌ರೇಲನ್ನು ಸವರುತ್ತಾ ಹತ್ತಿದರು, ಸವರುತ್ತಾ ಇಳಿದರು. ಕೈಗೆ ಎಲ್ಲಿಯೂ ತಡೆಯಲಿಲ್ಲ.

“ಇದು ಒಂದೇ ಮರವಾ, ಆಚಾರ್ರೇ?”

“ಒಂದೇ ಮರ,” ಎಂದೆ. ಅಲ್ಲಿಯವರೆಗೆ ಸುಳ್ಳಲ್ಲ — ಎಲ್ಲ ತುಂಡುಗಳೂ ಒಂದೇ ದಿಮ್ಮಿಯವು. ಹಾಗಾದರೆ ಹೀಗೆ ಬಗ್ಗಿಸಿದ್ದು ಹೇಗೆ ಎಂದು ಕೇಳಿದರು. ಅವರ ಕಣ್ಣಲ್ಲಿ ಅಂಥದೊಂದು ಭಕ್ತಿ. ನನ್ನನ್ನು ಅದುವರೆಗೆ ಯಾರೂ ಹಾಗೆ ನೋಡಿರಲಿಲ್ಲ — ಹೆಂಡತಿಯಂತೂ... ಇರಲಿ.

“ಅದು ನಮ್ಮ ಅಜ್ಜನ ಕಾಲದ ವಿದ್ಯೆ. ಹೇಳಬಾರದು.”

ನನ್ನ ಅಜ್ಜ ಕಾರ್ಕಳದಲ್ಲಿ ತೆಂಗಿನಕಾಯಿ ತುರಿಯುವ ಮಣೆ ಮಾಡುತ್ತಿದ್ದವರು. ಅವರು ಬಗ್ಗಿಸಿದ್ದೆಂದರೆ ತಮ್ಮ ಬೆನ್ನು ಮಾತ್ರ.

ಗೃಹಪ್ರವೇಶಕ್ಕೆ ಬಂದವರು ಊಟದ ಪಂಕ್ತಿಗಿಂತ ಮೊದಲು ಮೆಟ್ಟಿಲಿಗೆ ಸಾಲು ನಿಂತರು. ಅವರಲ್ಲಿ ಮಣಿಪಾಲದ ಒಬ್ಬರು ಡಾಕ್ಟರಮ್ಮ ಇದ್ದರು. ಅವರ ಹೊಸ ಮನೆಯ ಮೆಟ್ಟಿಲಿನ ಕೆಲಸವನ್ನು ಅಜೆಕಾರಿನ ಸುಂದರ ಆಗಲೇ ಒಪ್ಪಿಕೊಂಡಿದ್ದ. ಸುಂದರ ಮತ್ತು ನಾನು ಒಬ್ಬರೇ ಗುರುಗಳ ಕೈಕೆಳಗೆ ಉಳಿ ಹಿಡಿದವರು. ಡಾಕ್ಟರಮ್ಮ ಅವನಲ್ಲೂ ಒಂದೇ ಮರದ್ದು ಕೇಳಿದರು. ಅದು ಆಗುವ ಮಾತಲ್ಲ, ಜೋಡಿಸಬೇಕಾಗುತ್ತದೆ ಎಂದು ಅವನು ನಿಜ ಹೇಳಿದ. ಕೆಲಸ ನನಗೆ ಬಂತು. ನಾನು ಮಾಡಿದೆ — ಜೋಡಿಸಿಯೇ.

ಆ ಕೆಲಸ ನಡೆಯುತ್ತಿರುವಾಗ ಸುಂದರ ನನ್ನ ಶೆಡ್ಡಿಗೆ ಬಂದ. ಜಗಳಕ್ಕೆ ಬಂದಿರಬಹುದು ಎಂದುಕೊಂಡೆ. ಬಂದದ್ದು ಕಲಿಯಲಿಕ್ಕೆ.

“ಆ ವಿದ್ಯೆ ನನಗೂ ಹೇಳಿಕೊಡು ಮಾರಾಯ.”

ನನ್ನ ಬೆನ್ನ ಹಿಂದೆ, ಟಾರ್ಪಾಲಿನ ಅಡಿಯಲ್ಲಿ, ಡಾಕ್ಟರಮ್ಮನ ಹ್ಯಾಂಡ್‌ರೇಲ್ ತುಂಡು ತುಂಡಾಗಿ ಮಲಗಿತ್ತು. ಟಾರ್ಪಾಲು ಎತ್ತಿದರೆ ಸಾಕಿತ್ತು, ಬಾಯಿ ತೆರೆಯುವುದೂ ಬೇಡವಾಗಿತ್ತು. ನಾನು ಅದರ ಮೇಲೆ ಕುಳಿತುಕೊಂಡೆ. ಕುಳಿತು, ಸಾಗುವಾನಿಯನ್ನು ಹುಣಸೆಹುಳಿಯ ನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುದಿಸಬೇಕು, ಬಿಸಿ ಇರುವಾಗಲೇ ಬಗ್ಗಿಸಬೇಕು ಎಂದೆ. ಹುಣಸೆಹುಳಿ ಎಲ್ಲಿಂದ ಬಂತೋ — ಆ ದಿನ ಮನೆಯಲ್ಲಿ ಮೀನುಸಾರು ಇದ್ದಿರಬೇಕು.

ಅವನು ಪೆದ್ದನಲ್ಲ. ನನ್ನನ್ನು ನಂಬಿದ್ದ, ಅಷ್ಟೆ.

ಬಚ್ಚಲಿನ ತಾಮ್ರದ ಹಂಡೆಯಲ್ಲಿ ಕುದಿಸಿದನಂತೆ. ಮನೆಯವರಿಗೆ ಸ್ನಾನಕ್ಕೆ ಬಿಸಿನೀರಿಲ್ಲ. ಹುಳಿಯ ವಾಸನೆಗೆ ನೆರೆಯವರು ಬಂದು ಇವತ್ತು ಎಂಥ ಸಾರು ಎಂದು ವಿಚಾರಿಸಿ ಹೋದರಂತೆ. ಮರ ಬಗ್ಗಲಿಲ್ಲ, ಸೀಳಿತು. ಮತ್ತೆ ಕುದಿಸಿದ, ಮತ್ತೆ ಸೀಳಿತು. ಹಂಡೆಯ ಒಳಗು ಮಾತ್ರ ಕನ್ನಡಿಯಂತೆ ಹೊಳೆಯಿತು ಎಂದು ಅವನ ಹೆಂಡತಿ ಶಶಿಯಕ್ಕ ಹೇಳುವಾಗ ನಾನೂ ಎಲ್ಲರ ಜೊತೆ ನಕ್ಕೆ. ನಕ್ಕೆನಲ್ಲ — ಅದನ್ನು ನೆನೆದರೆ ಈಗಲೂ...

ಸುಂದರ ಸುತ್ತು ಮೆಟ್ಟಿಲಿನ ಕೆಲಸವನ್ನೇ ಬಿಟ್ಟ. ಕಿಟಕಿ, ಬಾಗಿಲು, ಮಂಚ — ನೇರ ಕೆಲಸ ಮಾತ್ರ. ಕಳೆದ ವರ್ಷ ನನ್ನ ಮಗಳ ನಿಶ್ಚಿತಾರ್ಥದಲ್ಲಿ ಬೀಗರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, ಇವನು ಮುಚ್ಚುಮರೆ ಇಲ್ಲದೆ ವಿದ್ಯೆ ಕೊಟ್ಟ, ನನ್ನ ಕೈಗೆ ಹತ್ತಲಿಲ್ಲ ಎಂದ. ನಾನು ಪಾಯಸದ ಲೋಟವನ್ನು ಕೆಳಗಿಟ್ಟೆ.

ಮರುದಿನ ಅಜೆಕಾರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಚಹಾ ತಂದು ಮುಂದಿಟ್ಟಿದ್ದ ಶಶಿಯಕ್ಕ, ಪೂರ್ತಿ ಕೇಳಿಸಿಕೊಂಡು, ಲೋಟವನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋದರು. ಸುಂದರ ತನ್ನ ಎರಡೂ ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡ.

“ನಾನು ಇವಕ್ಕೆ ಎಷ್ಟು ಬೈದಿದ್ದೇನೆ, ಗೊತ್ತುಂಟಾ ನಿನಗೆ?”

ಕಾಪುವಿಗೆ ಹೋಗಿ ಅಲ್ಲಿಯೂ ಇದನ್ನೇ ಹೇಳು ಎಂದ, ತಾನೂ ಜೊತೆಗೆ ಬಂದ. ಜಯಣ್ಣನ ಮನೆಯಲ್ಲಿ ನೆಂಟರು ತುಂಬಿದ್ದರು. ಅವರೆಲ್ಲರ ಎದುರಿಗೇ ಹೇಳಿದೆ. ಜಯಣ್ಣ ಜೋಡಣೆ ಎಲ್ಲಿದೆ, ತೋರಿಸಿ ಎಂದರು. ಕನ್ನಡಕ ಹಾಕಿಕೊಂಡು ಹುಡುಕಿದೆ, ಉಗುರಿನಿಂದ ಕೆರೆದೆ, ಮೊಣಕಾಲೂರಿ ಕೆಳಗಿನಿಂದ ನೋಡಿದೆ. ಸಿಗಲಿಲ್ಲ. ಅಷ್ಟು ಚೆನ್ನಾಗಿ ಅಡಗಿಸಿದ್ದೆ.

“ಇಷ್ಟು ದೊಡ್ಡ ಕೆಲಸಗಾರ, ಆದರೆ ಸ್ವಲ್ಪವೂ ಅಹಂಕಾರ ಇಲ್ಲ ನೋಡಿ,” ಎಂದು ಜಯಣ್ಣ ನೆಂಟರಿಗೆ ಹೇಳಿದರು.

ಸುಂದರ ಬಸ್ಸಿನಲ್ಲಿ ಕಾರ್ಕಳ ಬರುವವರೆಗೂ ನಕ್ಕ. ನಗು ನಿಂತ ಮೇಲೆ, ನೀನು ನಿಜ ಹೇಳಿದರೂ ಹೆಸರು ನಿನಗೇ ಅಲ್ವಾ ಎಂದು ಕಿಟಕಿಯ ಕಡೆಗೆ ತಿರುಗಿದ.

ಮೊನ್ನೆ ಪೆರ್ಡೂರಿನಿಂದ ಒಬ್ಬರು ಸುತ್ತು ಮೆಟ್ಟಿಲು ಬೇಕೆಂದು ಬಂದರು. ಜೋಡಣೆಯ ಸಂಗತಿಯನ್ನು ಮೊದಲೇ ಹೇಳಿ, ಅವರನ್ನು ಸುಂದರನಲ್ಲಿಗೆ ಕರೆದುಕೊಂಡು ಹೋದೆ. ಅವನು ನಕ್ಷೆಯನ್ನು ತುಂಬ ಹೊತ್ತು ನೋಡಿದ, ತಿರುವಿನ ಮೇಲೆ ಬೆರಳಾಡಿಸಿದ. ಆಮೇಲೆ, ತನಗೆ ಬಾಗಿಲು ಕಿಟಕಿ ಮಾತ್ರ ಬರುವುದು ಎಂದು ಮಡಚಿ ಕೊಟ್ಟ.

ಅವನು ಒಪ್ಪುವವರೆಗೆ ಆ ಕೆಲಸವನ್ನು ನಾನು ಮುಟ್ಟುವುದಿಲ್ಲ. ನಾಳೆ ಮತ್ತೆ ಹೋಗಿ ಕೇಳುತ್ತೇನೆ. ತನಗೆ ಆ ಕೆಲಸ ಬರುವುದಿಲ್ಲ ಎಂದೇ ಹೇಳಬಹುದು — ಆ ಮಾತನ್ನು ಅವನ ಬಾಯಿಗೆ ಇಟ್ಟವನು ನಾನೇ.