ಮೂರನೆಯ ಸಾಲಿನ ಹಳದಿ ಗಾಡಿ

ಇಂಥ ಅನುಭವಗಳನ್ನು ಬರೆಯುವವರು ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿ, ಊರ ಹೊರಗಿನ ಹುಣಸೆಮರ ಎಂದು ಶುರು ಮಾಡುತ್ತಾರೆ. ನನ್ನದು ಸೊಲ್ಲಾಪುರದ ಒಂದು ಚಾದರದ ಅಂಗಡಿಯ ಮಾಳಿಗೆಯ ಮೇಲೆ, ಭಾನುವಾರ ಮಧ್ಯಾಹ್ನ, ಚಹಾ ಬರುವ ಹೊತ್ತಿನಲ್ಲಿ ನಡೆದದ್ದು. ಅದಕ್ಕೆ ಮೊದಲು ಯಾರಾದರೂ ಇಂಥದನ್ನು ಹೇಳಿದರೆ ನಾನು ನಗುತ್ತಿದ್ದೆ. ಧಾರವಾಡದಲ್ಲಿ ಇತಿಹಾಸ ಓದಿ ಬಂದವನು. ಸಾಕ್ಷಿ ಒಬ್ಬನೇ ಇದ್ದರೆ ಸಂಶಯಪಡು, ಮೂವರಿದ್ದು ಮೂವರೂ ಒಂದೇ ಮಾತು ಹೇಳಿದರೆ ಇನ್ನೂ ಹೆಚ್ಚು ಸಂಶಯಪಡು ಎಂದು ಕಲಿತವನು. ದೆವ್ವ ಭೂತಗಳನ್ನು ಈಗಲೂ ನಂಬುವುದಿಲ್ಲ. ಆದರೆ ಆ ಮಧ್ಯಾಹ್ನವನ್ನು ಎಲ್ಲಿಡಬೇಕೆಂದು ತಿಳಿಯದೆ ಇಷ್ಟು ವರ್ಷ ಕೈಯಲ್ಲೇ ಹಿಡಿದುಕೊಂಡಿದ್ದೇನೆ.

ಎಪ್ಪತ್ತರ ದಶಕದ ನಡುಭಾಗ. ನನ್ನ ಗೆಳೆಯ ರೇವಣಸಿದ್ಧನ ಸೋದರಮಾವ ಹಡಗಿನ ಕೆಲಸದಲ್ಲಿದ್ದರು. ಒಮ್ಮೆ ಮುಂಬಯಿಯಲ್ಲಿ ಇಳಿದಾಗ ಅಳಿಯನಿಗೆಂದು ಒಂದು ಪೆಟ್ಟಿಗೆ ತಂದರು. ಅದರಲ್ಲಿ ಗೇಣಿಗಿಂತ ಚಿಕ್ಕದಾದ ಎರಡು ರೇಸಿನ ಗಾಡಿಗಳು, ಅವು ಓಡಲು ಪ್ಲಾಸ್ಟಿಕ್ಕಿನ ಹಾದಿ. ಹಾದಿಯಲ್ಲಿ ಒಂದೊಂದು ಗಾಡಿಗೆ ಒಂದೊಂದು ಸೀಳು. ಗಾಡಿಯ ಹೊಟ್ಟೆಯ ಕೆಳಗಿನ ಮೊಳೆ ಆ ಸೀಳಿನೊಳಗೆ ಕೂತಿರುತ್ತದೆ. ಸೀಳಿನ ಎರಡೂ ಬದಿಯ ಲೋಹದ ಪಟ್ಟಿಯಿಂದ ಕರೆಂಟು ಗಾಡಿಗೆ ಹತ್ತುತ್ತದೆ. ಆಡುವವನ ಕೈಯಲ್ಲಿ ತಂತಿ ಕಟ್ಟಿದ ಒಂದು ಖಟಕಾ. ಒತ್ತಿದರೆ ಗಾಡಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ತಿರುವಿನಲ್ಲಿ ವೇಗ ಹೆಚ್ಚಾದರೆ ಸೀಳಿನಿಂದ ಹಾರಿ ಗೋಡೆಗೆ ಬಡಿಯುತ್ತದೆ. ಒತ್ತುವುದು ಯಾರಿಗಾದರೂ ಬಂದೀತು. ಎಲ್ಲಿ ಬಿಡಬೇಕು ಎಂಬುದರಲ್ಲೇ ಜಾಣತನವೆಲ್ಲ.

ವರ್ಷದೊಳಗೆ ನಾವು ನಾಲ್ವರಿಗೆ ಇದರ ಹುಚ್ಚು ಹಿಡಿಯಿತು. ನಾನು, ರೇವಣಸಿದ್ಧ, ರೇಡಿಯೋ ರಿಪೇರಿಯ ದಿಲೀಪ, ಅಕ್ಕಲಕೋಟದ ಕಾಶಿನಾಥ. ಪ್ಲಾಸ್ಟಿಕ್ಕಿನ ಹಾದಿ ಸಾಲದಾದಾಗ ಬಡಿಗೇರನಿಂದ ಹಲಗೆಗಳಲ್ಲಿ ಸೀಳು ಕೊರೆಸಿ, ತಾಮ್ರದ ಪಟ್ಟಿ ಅಂಟಿಸಿ, ನಾಲ್ಕು ಸಾಲಿನ ದೊಡ್ಡ ಹಾದಿ ಮಾಡಿದೆವು. ಅದು ರೇವಣಸಿದ್ಧನ ಚಾದರದ ಅಂಗಡಿಯ ಮಾಳಿಗೆಯನ್ನು ಪೂರಾ ಆಕ್ರಮಿಸಿತು. ಅವನ ತಂದೆ ಮೆಟ್ಟಿಲು ಹತ್ತಿ ಬಂದು, "ಮೀಸಿ ಬಂದಾವ, ಇನ್ನಾ ಗೊಂಬಿ ಆಟಾ ಬಿಟ್ಟಿಲ್ಲ. ಕನ್ಯಾ ಕೊಡಾವ್ರು ಬಂದ್ರ ಮ್ಯಾಲ ಕರಕೊಂಡ ಬರಬ್ಯಾಡ್ರಿ ಮತ್ತ" ಎಂದು ಹೇಳಿ ಇಳಿದು ಹೋಗುತ್ತಿದ್ದರು. ಈ ಆಟದವರು ಪುಣೆಯಲ್ಲೂ ಕೆಲವರಿದ್ದರು. ಅಲ್ಲಿನ ಒಬ್ಬರು, ನಾವು ಮುಖವನ್ನೇ ನೋಡದವರು, ಅಂಚೆಯಲ್ಲಿ ನಮಗೆ ಪುಟ್ಟ ರಬ್ಬರ್ ಟಾಯರುಗಳನ್ನು ಕಳಿಸುತ್ತಿದ್ದರು.

ನಮ್ಮಲ್ಲಿ ಎರಡು ರೂಢಿಗಳಿದ್ದವು. ಸೋತವನು ಮುಂದಿನ ಆಟದಲ್ಲಿ ತಿರುವಿನ ಹತ್ತಿರ ನಿಂತು ಬಿದ್ದ ಗಾಡಿಗಳನ್ನು ಎತ್ತಿಡಬೇಕು. ಎರಡನೆಯದು, ಯಾರಾದರೂ ಬಾರದಿದ್ದರೆ ಅವನ ಗಾಡಿಯನ್ನೂ ಅವನ ಸಾಲಿನಲ್ಲಿ, ಹೊರಡುವ ಗೆರೆಯ ಮೇಲೆ ಇಡಬೇಕು. ಅದು ಅಲ್ಲೇ ನಿಂತಿರುತ್ತದೆ. ಅವನ ಸಾಲಿನಲ್ಲಿ ಬೇರೆಯವರು ಓಡಿಸುವಂತಿಲ್ಲ.

ಕಾಶಿನಾಥನದು ಮೂರನೆಯ ಸಾಲು, ಹಳದಿ ಗಾಡಿ. ಅವನಿಗೆ ತನ್ನದೇ ಒಂದು ರೀತಿ ಇತ್ತು. ನೇರ ದಾರಿಯಲ್ಲಿ ನಮ್ಮೆಲ್ಲರಿಗಿಂತ ಜೋರು. ತಿರುವಿಗೆ ಸ್ವಲ್ಪ ಮೊದಲು ಬೆರಳನ್ನು ಎರಡು ಸಲ, ಚಿಕ್ಕದಾಗಿ ಎತ್ತುತ್ತಿದ್ದ. ಮೋಟರಿನ ಸದ್ದು ಎರಡು ಸಲ ತಗ್ಗಿ ಏಳುತ್ತಿತ್ತು. ನಾವೆಲ್ಲ ಒಂದೇ ಸಲ ಬಿಡುವವರು. ಹಾದಿಗೆ ಬೆನ್ನು ತಿರುಗಿಸಿ ನಿಂತರೂ ಓಡಿಸುತ್ತಿರುವವನು ಕಾಶಿನಾಥನೆಂದು ಗೊತ್ತಾಗುತ್ತಿತ್ತು. "ಹಂಗ್ಯಾಕ ಮಾಡ್ತೀಯೋ?" ಎಂದರೆ, "ಕೈಗಿ ರೂಢಿ ಬಿದ್ದೈತಿ ಮಾರಾಯಾ, ನಾ ಏನ್ ಮಾಡ್ಲಿ" ಎನ್ನುತ್ತಿದ್ದ. ಹಾಗೆ ಎರಡು ಸಲ ಬೆರಳೆತ್ತುವ ಅವನ ಗಾಡಿ ತಿರುವಿನಲ್ಲಿ ಬಿದ್ದದ್ದು ನನಗೆ ನೆನಪಿಲ್ಲ. ನೆನಪಿಲ್ಲ ಎಂದಷ್ಟೇ ಹೇಳುತ್ತೇನೆ.

ಒಂದು ಬೇಸಿಗೆಯ ಸಂಜೆ ಸೊಲ್ಲಾಪುರದಿಂದ ಫಟಫಟಿಯ ಮೇಲೆ ಊರಿಗೆ ಹೊರಟ ಕಾಶಿನಾಥ ಅಕ್ಕಲಕೋಟ ಇನ್ನೂ ದೂರವಿರುವಾಗಲೇ, ರಸ್ತೆ ಹೊರಳುವಲ್ಲಿ ಬಿದ್ದು ತೀರಿಕೊಂಡ. ಕಂಡವರು ಯಾರೂ ಇಲ್ಲ. ಕಾಣದವರೇ ಮಾತಾಡಿದರು. ಆಟದ ಗಾಡಿಯ ಹುಚ್ಚು ತಲೆಗೇರಿತ್ತು, ರಸ್ತೆಯ ಮೇಲೂ ರೇಸು ಹಚ್ಚಿದ್ದ ಎಂಬ ಮಾತು ಅಕ್ಕಲಕೋಟದ ಪೇಟೆಯಲ್ಲೆಲ್ಲ ಹರಡಿತು.

ಅವನ ತಂದೆ ಗುರಪ್ಪ ಕಾಕಾ. ಅಕ್ಕಲಕೋಟದಲ್ಲಿ ಕಾಳುಕಡಿಯ ಅಡತಿ ಅಂಗಡಿ, ಮೈಂದರ್ಗಿಯಲ್ಲಿ ಹೊಲ. ನಾನು ಮಾತಾಡಿಸಲು ಹೋದಾಗ ಜೋಳದ ಚೀಲಗಳ ನಡುವೆ ಕೂತಿದ್ದರು. ಅತ್ತಿರಲಿಲ್ಲ. ಬಂದವರೆಲ್ಲ ಎದ್ದುಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ತಮ್ಮಾ, ಒಂದ ಮಾತು ಕೇಳ್ತೀನಿ. ಅಂವ ತಿರುವಿನಾಗ ಗಾಡಿ ಹಗುರ ಮಾಡತಿದ್ನೇನು, ಜೋರು ಕಡಿಮಿ ಮಾಡತಿದ್ನೇನು?"

"ಮಾಡತಿದ್ದ ಕಾಕಾ. ನಮಗೆಲ್ಲಾರಿಗಿಂತ ಹೆಚ್ಚ ಮಾಡತಿದ್ದ."

ಅವರು ನನ್ನ ಮುಖ ನೋಡಿದರು. "ನೀವು ಗೆಳ್ಯಾರು. ಗೆಳ್ಯಾರು ಖರೇ ಹೇಳಂಗಿಲ್ಲ" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಮಗ ತನ್ನ ಹುಚ್ಚಿನಿಂದಲೇ ಹೋದನೋ, ಅಲ್ಲವೋ. ಅವರಿಗೆ ಉಳಿದ ಪ್ರಶ್ನೆ ಅದೊಂದೇ. ನನ್ನ ಬಳಿ ಇದ್ದದ್ದು ಬರೀ ಮಾತು. ಅಷ್ಟರಲ್ಲಿ ಪುಣೆಯಿಂದ ಒಂದು ಪೊಟ್ಟಣ ಬಂತು. ಸುದ್ದಿ ಕೇಳಿದ ಆ ಟಾಯರಿನ ಮನುಷ್ಯ ಕಾಶಿನಾಥನ ಗಾಡಿಗೆಂದು ನಾಲ್ಕು ಹೊಸ ಟಾಯರು ಕಳಿಸಿದ್ದರು. ಸತ್ತವನ ಗಾಡಿಗೆ ಟಾಯರು. ರೇವಣಸಿದ್ಧ ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ, ಹಳದಿ ಗಾಡಿಗೆ ಹಾಕಿದ. ಒಮ್ಮೆ ಬಂದು ನಮ್ಮ ಆಟ ನೋಡಿರೆಂದು ನಾನು ಕಾಕಾನಿಗೆ ಹೇಳಿ ಕಳಿಸಿದೆ. ಬರುವುದಿಲ್ಲ ಎಂದುಕೊಂಡಿದ್ದೆ.

ಬಂದರು. ಬಸ್ಸಿನಲ್ಲಲ್ಲ, ರೈಲಿನಲ್ಲಿ. ಸ್ಟೇಷನ್ನು ಅವರ ಊರಿನಿಂದ ದೂರ, ಟಾಂಗಾ ಮಾಡಿಕೊಂಡು ಹೋಗಬೇಕು. ಬಸ್ಸಾದರೆ ಮನೆಯ ಮುಂದೆಯೇ ಸಿಗುತ್ತದೆ. ಆದರೂ ರೈಲು. ಮಗ ಹೋದ ಮೇಲೆ ಅವರು ಆ ರಸ್ತೆಯಲ್ಲಿ ಬಂದೇ ಇರಲಿಲ್ಲವಂತೆ.

ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಚಾದರದ ಗಂಟೊಂದರ ಮೇಲೆ, ಮೂರನೆಯ ಸಾಲಿನ ಖಟಕಾ ನೇತುಹಾಕುವ ಮೊಳೆಯ ಪಕ್ಕದಲ್ಲೇ ಕೂತರು. ಹಾದಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು.

"ಸ್ಟೇರಿಂಗ್ ಎಲ್ಲೈತಿ?"

"ಇಲ್ರಿ ಕಾಕಾ" ಎಂದ ರೇವಣಸಿದ್ಧ. "ಲಗ್ನಾ ಆದವರಂಗ. ಹಾಕಿ ಕೊಟ್ಟ ಹಾದಿ ಮ್ಯಾಲ ಹೋಗೋದ."

"ನಿನ್ನದಿನ್ನಾ ಲಗ್ನಾ ಆಗಿಲ್ಲ. ನಿನಗೇನ ಗೊತ್ತೋ?" ಎಂದು ಕಾಕಾ ಸ್ವಲ್ಪ ನಕ್ಕರು.

ರೂಢಿಯಂತೆ ನಾಲ್ಕೂ ಗಾಡಿಗಳನ್ನು ಗೆರೆಯ ಮೇಲೆ ಇಟ್ಟೆವು. ಮೂವರು ಓಡಿಸಿದೆವು, ಹಳದಿ ಗಾಡಿ ನಿಂತಿತ್ತು. ಕಾಕಾನಿಗೆ ತೋರಿಸಬೇಕೆಂಬ ಉಮೇದಿಯಲ್ಲಿ ದಿಲೀಪ ಖಟಕಾ ಬಿಡಲೇ ಇಲ್ಲ. ಅವನ ಗಾಡಿ ತಿರುವಿನಲ್ಲಿ ಹಾರಿ, ಗೋಡೆಗೆ ಬಡಿದು, ಬೆನ್ನಡಿಯಾಗಿ ಬಿದ್ದು, ಗಾಲಿಗಳು ತಿರುಗುತ್ತಲೇ ಇದ್ದವು.

ಕಾಕಾ ಅದನ್ನೇ ನೋಡುತ್ತಿದ್ದರು. "ಹಿಂಗ ಬಿದ್ನೇನು ಅಂವ?" ಎಂದರು.

ಅಂಥ ಹೊತ್ತಿಗೆ ಕೆಳಗಿನ ಹೋಟೆಲಿನಿಂದ ಚಹಾ ಬಂದದ್ದು ಪುಣ್ಯವೆನಿಸಿತು. ಮೂವರೂ ಒಮ್ಮೆಗೇ ಚಹಾದ ಕಡೆ ತಿರುಗಿದೆವು. ಹಾದಿಗೆ ನಮ್ಮ ಬೆನ್ನು.

ಹಿಂದೆ ಮೋಟರಿನ ಸದ್ದಾಯಿತು. ಜೋರಾಗಿ ಎದ್ದು, ನೇರ ದಾರಿಯ ತುದಿಯವರೆಗೆ ಹೋಗಿ, ಎರಡು ಸಲ ಚಿಕ್ಕದಾಗಿ ತಗ್ಗಿ ಎದ್ದಿತು.

ನಾನು ತಿರುಗುವಷ್ಟರಲ್ಲಿ ಹಳದಿ ಗಾಡಿ ತಿರುವಿನಲ್ಲಿತ್ತು. ದಾಟಿತು. ಆಚೆಯ ನೇರ ದಾರಿ, ಮತ್ತೆ ತಿರುವು, ಮತ್ತೆ ಎರಡು ಸಲ. ಒಂದು ಸುತ್ತೋ ಎರಡೋ, ಖಚಿತವಾಗಿ ಹೇಳಲಾರೆ. ಕೊನೆಗೆ ಹೊರಟ ಗೆರೆಯ ಹತ್ತಿರವೇ ಬಂದು ನಿಂತಿತು. ಹೆದರಿಕೆಯಾಯಿತೆಂದರೆ ಸುಳ್ಳಾಗುತ್ತದೆ. ನನಗೆ ಆದದ್ದು ಒಂದು ಬಗೆಯ ಕುತೂಹಲ: ಇದು ಹೇಗೆ ಆಯಿತು?

"ಹಗ್ಗಾ ಎರಡ ಸಲ ಜಗ್ಗಿದಾ ನೋಡು" ಎಂದರು ಕಾಕಾ.

ನಮಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಶಾಲೆಯ ಸೂಟಿಯಲ್ಲಿ ಕಾಶಿನಾಥ ಮೈಂದರ್ಗಿಯ ಹೊಲದಿಂದ ಜೋಳದ ಚೀಲದ ಬಂಡಿ ಹೊಡೆದುಕೊಂಡು ಬರುತ್ತಿದ್ದನಂತೆ. "ತುಂಬಿದ ಬಂಡಿ ಹೊರಳಿಸೋ ಮುಂದ ಒಮ್ಮಿಗೇ ಜಗ್ಗಿದ್ರ ಎತ್ತು ನಿಂತಬಿಡತಾವ, ಬಂಡಿ ಮಗ್ಗಲಾಗತೈತಿ. ಎರಡ ಸಲ, ಸಣ್ಣಕ ಜಗ್ಗಬೇಕು. ನಾನ ಕಲಿಸೀನಿ ಅವಂಗ." ನಂತರ, ನಮಗಲ್ಲ, ತಮಗೇ ಹೇಳಿಕೊಂಡಂತೆ, "ಹಗುರ ಮಾಡತಿದ್ದಾ" ಎಂದರು.

ಕಾಶಿನಾಥ ಬಂಡಿಯ ವಿಷಯ ನಮಗೆ ಎಂದೂ ಹೇಳಿರಲಿಲ್ಲ. ಅವನಿಗೂ ಅದು ಎಲ್ಲಿಂದ ಬಂತೆಂದು ಗೊತ್ತಿತ್ತೋ ಇಲ್ಲವೋ.

ಅವರೆದುರಿಗೇ ಪರೀಕ್ಷೆ ಮಾಡಿದೆವು. ತಂತಿ ತಗುಲಿದರೆ ಗಾಡಿ ತಾನಾಗಿ ಓಡಬಹುದೆಂದು ದಿಲೀಪ ಮೂರನೆಯ ಸಾಲಿನ ತಂತಿಗಳನ್ನು ಬೇಕೆಂದೇ ಕೂಡಿಸಿದ. ಓಡಿತು, ಮೊದಲ ತಿರುವಿನಲ್ಲೇ ಹಾರಿಬಿತ್ತು. ಎಷ್ಟು ಸಲ ಮಾಡಿದರೂ ಅಷ್ಟೇ. ತಂತಿಗೆ ತಿರುವು ಗೊತ್ತಿಲ್ಲ. ಪಕ್ಕದ ಕಾರ್ಖಾನೆಯ ಮಗ್ಗಗಳ ಅದುರಿಕೆ ಎನ್ನೋಣವೆಂದರೆ ಅಂದು ಮಗ್ಗಗಳಿಗೆ ರಜೆ. ಕೊನೆಗೆ ರೂಢಿ ಮುರಿದು ಖಟಕಾವನ್ನು ಕಾಕಾನ ಕೈಗೇ ಕೊಟ್ಟೆವು. ಅವರು ಒತ್ತಿದರು. ಗಾಡಿ ಹಾರಿ ಚಾದರಗಳ ಮೇಲೆ ಬಿತ್ತು. "ಎತ್ತಿಗಾದ್ರ ಕಿವಿ ಇರತಾವ" ಎಂದು ನಗುತ್ತ ವಾಪಸು ಕೊಟ್ಟರು.

ಇಲ್ಲಿಗೆ ಮುಗಿಸಿದ್ದರೆ ಇದು ಒಳ್ಳೆಯ ಕತೆಯಾಗುತ್ತಿತ್ತು. ಆದರೆ ದಿಲೀಪನ ಸಾಕ್ಷಿ ಬೇರೆ. "ಆಯಿ ಶಪ್ಪತ್, ಗಾಡಿ ಓಡುವಾಗ ಖಟಕಾ ಕಾಕಾನ ಕೈಯಾಗ ಇತ್ತು" ಎಂದು ಅವನು ಮರುದಿನವೇ ತಾಯಿಯ ಆಣೆ ಮಾಡಿ ಹೇಳಿದ. ಖಟಕಾ ಮೊಳೆಯ ಮೇಲೇ ಇತ್ತು, ತಾನು ಮೊದಲು ನೋಡಿದ್ದೇ ಅದನ್ನು ಎಂದು ರೇವಣಸಿದ್ಧ ಈಗಲೂ ವಾದಿಸುತ್ತಾನೆ. ನನ್ನ ನೆನಪಿನಲ್ಲಿ ಕಾಕಾನ ಎರಡೂ ಕೈ ಚಹಾ ಸುರಿದುಕೊಂಡ ಬಸಿ ತಟ್ಟೆಯನ್ನು ಹಿಡಿದಿವೆ, ಬಸಿಯಿಂದ ಹಬೆ ಏಳುತ್ತಿದೆ. ಇದು ನನಗೆ ನಿನ್ನೆ ಕಂಡಷ್ಟು ನಿಚ್ಚಳ. ಆದರೆ ದಿನಚರಿ ಬರೆಯುವ ಚಟದವನು ನಾನು. ವರ್ಷಗಳ ನಂತರ ಆ ದಿನದ ಪುಟ ತೆಗೆದು ನೋಡಿದರೆ ಗಾಡಿಯ ಬಗ್ಗೆ ಒಂದಕ್ಷರವಿಲ್ಲ. ಸೆಕೆ ಬಹಳ ಎಂದಿದೆ, ಕಾಕಾ ಬಂದಿದ್ದರು ಎಂದಿದೆ, ಅವರು ಚಹಾ ಮುಟ್ಟಲಿಲ್ಲ ಎಂದಿದೆ.

ಹಾಗಾದರೆ ಆ ಬಸಿ ನನಗೆ ಎಲ್ಲಿಂದ ಬಂತು? ಅವರ ಕೈಯಲ್ಲಿ ಖಟಕಾ ಇರಬಾರದೆಂದು ನನ್ನ ಮನಸ್ಸೇ ಅದನ್ನು ತಂದಿಟ್ಟಿತೇ? ದಿಲೀಪನ ಮಾತನ್ನೇ ಒಪ್ಪಿದರೂ ಗಂಟು ಬಿಚ್ಚುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ಒಂದು ತಿರುವನ್ನೂ ದಾಟಿಸಲಾಗದ ಕೈ, ಯಾರೂ ಓಡಿಸಿ ನೋಡದ ಹೊಸ ಟಾಯರಿನ ಗಾಡಿಯನ್ನು ಅಷ್ಟು ಸಲೀಸಾಗಿ ಸುತ್ತಿಸಿತೇ?

ಗಾಡಿಯನ್ನು ಒಯ್ಯಿರೆಂದು ಕೊಟ್ಟೆವು. ಕಾಕಾ ಬೇಡವೆಂದರು. "ಅದರ ಹಾದಿ ಇಲ್ಲೈತಿ." ನಾನು ಅವರನ್ನು ಸ್ಟೇಷನ್ನಿಗೆ ಕರೆದೊಯ್ಯಲು ಟಾಂಗಾ ಕೂಗಿದೆ. "ಬ್ಯಾಡ, ಯಷ್ಟೀ ಬಸ್ಸಿಗೇ ಹೋಗೂಣು. ನೀನೂ ಬಾ" ಎಂದರು.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಹೊಲಗಳನ್ನು ನೋಡುತ್ತ ಬಂದರು. ಕಾಶಿನಾಥ ಬಿದ್ದ ಆ ಹೊರಳು ಬರುವ ಮೊದಲು ನಾನು ಮಾತಿಗೆಳೆಯಲು ನೋಡಿದೆ, ಅವರು ಕೈಯೆತ್ತಿ ಸುಮ್ಮನಿರಿಸಿದರು. ಬಳಿಕ ಆ ಕೈಯನ್ನು ತೊಡೆಯ ಮೇಲಿಟ್ಟರು. ಬೆರಳುಗಳು ಹಗ್ಗ ಹಿಡಿದಂತೆ ಒಮ್ಮೆ ಮಡಚಿಕೊಂಡವು, ಬಿಟ್ಟವು, ಮತ್ತೆ ಮಡಚಿಕೊಂಡವು. ಬಸ್ಸು ಹಗುರಾಯಿತು.

ಅಲ್ಲಿ ಎಲ್ಲ ಬಸ್ಸುಗಳೂ ಹಗುರಾಗುತ್ತವೆ. ನನಗೆ ಅದು ಗೊತ್ತಿದೆ.