ಕತ್ತಲೆಯ ಹನ್ನೆರಡು ಮೊಳ

ಪಡುವಾರಹಳ್ಳಿಯ ಚಂದ್ರಮತಿ ಇಪ್ಪತ್ತೆರಡು ವರ್ಷ ಟಾಕೀಸಿನಲ್ಲಿ ದುಡಿದರೂ ಒಂದು ಸಿನಿಮಾವನ್ನೂ ಕುರ್ಚಿಯಲ್ಲಿ ಕೂತು ನೋಡಿದವಳಲ್ಲ. ಅವಳ ಪಾಲಿಗೆ ಸಿನಿಮಾ ಅಂದರೆ ಬೆರಳ ಸಂದಿಯಲ್ಲಿ ಹರಿದುಹೋಗುವ ವಸ್ತು. ಆಪರೇಟರಾಗಿದ್ದ ಗಂಡ ತೀರಿಕೊಂಡ ಮೇಲೆ ಯಜಮಾನರು ಅವಳನ್ನು ರೀಲು ಸುತ್ತುವ ಕೆಲಸಕ್ಕೆ ಹಾಕಿದರು. ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತ, ಎಡಗೈಯ ಎರಡು ಬೆರಳಲ್ಲಿ ಫಿಲಮ್ಮಿನ ಅಂಚು ಹಿಡಿದಿದ್ದರೆ ಸಾಕು, ಹರಿದ ತೂತು, ಸಡಿಲಾದ ಅಂಟು ಎಲ್ಲ ತಾನಾಗಿ ಸಿಗುತ್ತಿತ್ತು. ಸಿಕ್ಕ ಕಡೆ ಕತ್ತರಿಸಿ, ಬ್ಲೇಡಿನಿಂದ ತುದಿ ಕೆರೆದು, ಸಿಮೆಂಟು ಅಂತ ಕರೆಯುವ ಘಾಟಿನ ಅಂಟು ಸವರಿ, ಇಪ್ಪತ್ತು ಎಣಿಸುವ ತನಕ ಒತ್ತಿ ಹಿಡಿಯುತ್ತಿದ್ದಳು. ಅವಳು ಹಾಕಿದ ಅಂಟು ಬಿಟ್ಟಿತು ಅಂತ ಯಾರೂ ಅಂದದ್ದಿಲ್ಲ.

ಆ ಟಾಕೀಸಿಗೆ ಒಂದು ಕಟ್ಟಳೆ ಇತ್ತು. ಕಪ್ಪಾದ ಫಿಲಮ್ಮು ಒಂದು ಮೊಳಕ್ಕಿಂತ ಉದ್ದ ಕಂಡರೆ ಕೇಳುವಂತಿಲ್ಲ, ಕತ್ತರಿಸಬೇಕು. ಪರದೆ ಕತ್ತಲಾಯಿತೋ, ಮುಂದಿನ ಬೆಂಚಿನವರು ಶಿಳ್ಳೆ ಹೊಡೆಯುತ್ತಿದ್ದರು, ಆಮೇಲೆ ಚಪ್ಪಲಿ ಹಾರುತ್ತಿತ್ತು. ಒಂದು ಸಲ ಪರದೆಯೇ ಹರಿದಿತ್ತು.

ತೊಂಬತ್ತಾರನೇ ಇಸವಿಯ ಆಷಾಢದಲ್ಲಿ ಜಯಲಕ್ಷ್ಮಿಪುರಂನ ಸಿದ್ದಲಿಂಗಸ್ವಾಮಿ ಮೇಷ್ಟ್ರು ಒಂದು ಪರದೇಶದ ಸಿನಿಮಾ ತರಿಸಿದರು. ಕಾಲೇಜಿನಿಂದ ನಿವೃತ್ತರಾದ ಮೇಲೆ ಅವರೊಂದು ಸಿನಿಮಾ ಸಂಘ ಕಟ್ಟಿಕೊಂಡು, ತಿಂಗಳಿಗೊಂದು ಭಾನುವಾರ ಬೆಳಗ್ಗೆ ಇದೇ ಟಾಕೀಸಿನಲ್ಲಿ ಹಳೆಯ ಚಿತ್ರ ತೋರಿಸುತ್ತಿದ್ದರು. ರೀಲುಗಳ ಪೆಟ್ಟಿಗೆ ದೂರದ ಊರಿನ ಒಂದು ಕಚೇರಿಯಿಂದ ಬರುತ್ತಿತ್ತು. ಒಂದು ರೀಲು ಕೆಟ್ಟು ವಾಪಸು ಹೋದರೂ ಸಂಘಕ್ಕೆ ಮುಂದೆ ಪೆಟ್ಟಿಗೆ ಇಲ್ಲ ಅನ್ನುವುದು ಆ ಕಚೇರಿಯ ಕರಾರು.

ಶನಿವಾರ ಬೆಳಗ್ಗೆ ಚಂದ್ರಮತಿ ರೀಲುಗಳನ್ನು ನೋಡಲು ಕೂತಳು. ಐದನೆಯ ರೀಲಿನಲ್ಲಿ ನಾಲ್ಕು ಕಡೆ ಮಸಿ ಬಳಿದ ಹಾಗೆ ಕಪ್ಪು, ಒಂದೊಂದೂ ಮೂರು ಮೊಳ. ಅಂಚಿನಲ್ಲಿ ಎಲ್ಲೂ ಅಂಟಿನ ಗುರುತಿಲ್ಲ. ಫಿಲಮ್ಮು ತೊಳೆಯುವ ಲ್ಯಾಬಿನಲ್ಲೇ ಕೆಟ್ಟಿರಬೇಕು ಅಂದುಕೊಂಡು ನಾಲ್ಕನ್ನೂ ಕತ್ತರಿಸಿ, ರೀಲನ್ನು ಕೂಡಿಸಿ, ತುಂಡುಗಳನ್ನು ಕಿಟಕಿಯ ಮೊಳೆಗೆ ನೇತುಹಾಕಿದಳು.

ಮಧ್ಯಾಹ್ನ ಮೇಷ್ಟ್ರು ಕ್ಯಾಬಿನ್ನಿಗೆ ಬಂದು ಆಪರೇಟರ್ ಮೂಗಯ್ಯನಿಗೆ ಹೇಳಿದರು: "ನೋಡಿ, ಐದನೇ ರೀಲಲ್ಲಿ ನಾಕು ಸಲ ಪರದೆ ಪೂರ್ತಿ ಕತ್ತಲಾಗುತ್ತೆ. ಲ್ಯಾಂಪು ಹೋಯ್ತು ಅಂತ ಗಾಬರಿಯಾಗಿ ನಿಲ್ಲಿಸ್ಬೇಡಿ ಮತ್ತೆ."

ಮೂಲೆಯಲ್ಲಿ ರೀಲು ಸುತ್ತುತ್ತಿದ್ದ ಚಂದ್ರಮತಿಯ ಕೈ ಹಿಡಿಕೆಯ ಮೇಲೆ ನಿಂತಿತು.

"ಅದ್ಯಾಕೆ ಕತ್ತಲು?" ಅಂದ ಮೂಗಯ್ಯ.

"ಒಬ್ಬ ಕೊಲೆ ಮಾಡಿ ಐದನೇ ಮಹಡಿಯಿಂದ ಮೆಟ್ಟಿಲು ಇಳೀತಾನೆ. ಕೆಳಗಿಂದ ಪೊಲೀಸ್ನೋನು ಹತ್ತಿ ಬರ್ತಾನೆ. ಕ್ಯಾಮರಾ ಕೊಲೆಗಾರನ ಬೆನ್ನು ಬಿಡಲ್ಲ, ಇಡೀ ರೀಲು ಎಲ್ಲೂ ತುಂಡಾಗದ ಒಂದೇ ಓಟ. ಪ್ರತಿ ತಿರುವಿನಲ್ಲೂ ಬಲ್ಬು ಸುಟ್ಟಿರುತ್ತೆ. ಅಲ್ಲಿ ಬರೀ ಬೂಟಿನ ಸದ್ದು ಕೇಳ್ತೀವಿ, ಇವರಿಬ್ರು ಎದುರಾದ್ರಾ ಇಲ್ವಾ ಗೊತ್ತಾಗಲ್ಲ. ನಿಜ ಏನು ಅಂದ್ರೆ ಮೂಗಯ್ಯ, ಒಂದೊಂದು ಮಹಡೀನೂ ಬೇರೆ ಬೇರೆ ದಿನ ಚಿತ್ರ ತೆಗೆದದ್ದು. ಮೂಲ ಫಿಲಮ್ಮಿನ ಅಂಟನ್ನ ಆ ಕತ್ತಲಲ್ಲಿ ಬಚ್ಚಿಟ್ಟಿದ್ದಾರೆ, ನಮಗೆ ಬಂದಿರೋದು ಅದರ ನಕಲು."

"ಮೇಷ್ಟ್ರೇ," ಅಂದಳು ಚಂದ್ರಮತಿ, "ಆ ಕತ್ತಲೇನ ನಾನು ಕತ್ತರ್ಸಿಬುಟ್ಟೆ."

ಮೂಗಯ್ಯ ಮೊಳೆಯ ಕಡೆ ನೋಡಿದ. "ಅಕ್ಕೋ! ಅಂಗಾದ್ರೆ ಕೊಲೆಗಾರ ಮಹಡಿಯಿಂದ ಮಹಡಿಗೆ ನೆಗೆದೇ ಇಳೀತಾನೆ ಅನ್ನು!"

ಮೇಷ್ಟ್ರು ಸ್ಟೂಲಿನ ಮೇಲೆ ಕೂತುಬಿಟ್ಟರು. "ಹನ್ನೊಂದು ವರ್ಷದ ಸಂಘ ಕಣಮ್ಮ ಇದು," ಅಂದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ತುಂಡು ಎಲ್ಲೂ ಹೋಗಿಲ್ಲ. ಆಟ ನಾಳೆ ಹತ್ತು ಗಂಟೆಗೆ ತಾನೆ?" ಅಂದಳು.

ನಾಲ್ಕು ತುಂಡೂ ಒಂದೇ ಕಪ್ಪು. ಯಾವುದು ಎಲ್ಲಿಯದು ಅಂತ ಬರೆದಿಡುವ ಅಭ್ಯಾಸ ಅವಳಿಗಿರಲಿಲ್ಲ, ಅಂಕಿ ಬಿಟ್ಟರೆ ಅವಳಿಗೆ ಬರುತ್ತಿದ್ದ ಅಕ್ಷರವೂ ಅಷ್ಟಕ್ಕಷ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಚಿತ್ರದ ಪಕ್ಕದಲ್ಲಿ ಸದ್ದಿನ ಗೆರೆ ಹಾಗೇ ಓಡುತ್ತಿತ್ತು. ಲ್ಯಾಬಿನಲ್ಲಿ ಕೆಟ್ಟಿದ್ದರೆ ಅದೂ ಕಪ್ಪಾಗಿರಬೇಕಿತ್ತು. ಬೆಳಗ್ಗೆ ಅದರ ಕಡೆ ಕಣ್ಣು ಹಾಯಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಬೂಟು ಬಿದ್ದ ಕಡೆಯೆಲ್ಲ ಗೆರೆ ಉಬ್ಬಿತ್ತು.

"ಅವನು ಇಳಿಯೋದು ಎಂಗೆ? ನಿಧಾನಕ್ಕೋ, ಜೋರಾಗೋ?"

"ಮೊದಲು ನಿಧಾನ. ಬರ್ತಾ ಬರ್ತಾ ಅವಸರ."

ಅವಳು ಪೊರಕೆಯಿಂದ ಒಂದು ಕಡ್ಡಿ ಮುರಿದು ಉಬ್ಬಿನಿಂದ ಉಬ್ಬಿಗೆ ಅಳೆದಳು. ದೂರ ದೂರ ಇದ್ದದ್ದು ಮೊದಲನೆಯದು, ಒತ್ತೊತ್ತಾಗಿದ್ದದ್ದು ಕೊನೆಯದು. ನಡುವಿನ ಎರಡು ಮಾತ್ರ ಅವಳಿಜವಳಿಯ ಹಾಗಿದ್ದವು. ಆರು ಸಲ ಅಳೆದಳು. ಒಂದರಲ್ಲಿ ಉಗುರಿನ ದಪ್ಪದಷ್ಟು ಹೆಚ್ಚು ಕಂಡಿತು, ಅಥವಾ ಕಂಡ ಹಾಗಾಯಿತು. ಅದನ್ನೇ ಎರಡನೆಯದು ಅಂತ ಇಟ್ಟು ಅಂಟಿಸಿದಳು. ತುಂಡಿಗೆ ಎರಡರಂತೆ ಎಂಟು ಅಂಟು.

ಭಾನುವಾರ ಅವಳು ಕ್ಯಾಬಿನ್ನಿನಲ್ಲಿ ನಿಲ್ಲಲಿಲ್ಲ, ಕೆಳಗೆ ಹೋದಳು.

"ಟಿಕೀಟ್ ತಗೊಂಡ್ಯಾ?" ಅಂತ ಮೂಗಯ್ಯ ಮೇಲಿಂದ ಕೂಗಿದ.

"ನೀನು ಫೋಕಸ್ ನೋಡ್ಕೋ ಹೋಗು."

ಹಿಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಗೋಕುಲಂನಿಂದ ಬಂದ ಒಬ್ಬ ಹೆಂಗಸು ಕಡಲೆಕಾಯಿ ಸುಲಿಯುತ್ತಿದ್ದಳು. ಐದನೆಯ ರೀಲು ಬಂತು. ಪರದೆಯ ತುಂಬ ಒಂದು ಕೋಟಿನ ಬೆನ್ನು, ಮೆಟ್ಟಿಲು. ಮೊದಲ ಕತ್ತಲು ಬಂತು, ಬೂಟು ಸದ್ದು ಮಾಡಿತು, ಬೆಳಕಾಯಿತು. ಯಾರೂ ಮಿಸುಕಲಿಲ್ಲ. ಎರಡನೆಯದು ಬಂದಾಗ ಚಂದ್ರಮತಿ ಸೆರಗಿನ ತುದಿ ಬಾಯಿಗೆ ಕೊಟ್ಟುಕೊಂಡಳು. ತುಂಡು ಅದಲುಬದಲಾಗಿದ್ದರೆ ಮೆಟ್ಟಿಲ ಮೇಲಿನ ಹೆಜ್ಜೆ ಇಲ್ಲಿ ತಾಳ ತಪ್ಪಬೇಕು. ಟಕ್, ಟಕ್, ಟಕ್. ಬೆಳಕಿಗೆ ಬಂದ ಮೇಲೂ ಅದೇ ನಡೆ. ಮೂರನೆಯದಕ್ಕೆ ಕಡಲೆಕಾಯಿಯ ಸದ್ದು ನಿಂತಿತು. ನಾಲ್ಕನೆಯ ಕತ್ತಲಲ್ಲಿ ಎರಡು ಜೊತೆ ಬೂಟು ಒಟ್ಟಿಗೆ ನಿಂತವು, ಪಕ್ಕದವಳು "ಶಿವನೇ" ಅಂದು ಇವಳ ಮೊಣಕೈ ಹಿಡಿದುಕೊಂಡಳು. ಅಂಟು ಯಂತ್ರದಲ್ಲಿ ದಾಟುವಾಗ ಚಿಟ್ ಅಂದದ್ದು ಕೇಳಿಸಿದ್ದು ಚಂದ್ರಮತಿಗೆ ಒಬ್ಬಳಿಗೇ.

ಆಟ ಮುಗಿದು ಅವಳು ಕ್ಯಾಬಿನ್ನಿಗೆ ಮರಳಿದ ಮೇಲೆ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು, ಮುಖ ಅರಳಿತ್ತು. "ಒಂದು ಅಂಟೂ ಗೊತ್ತಾಗ್ಲಿಲ್ಲ ಕಣಮ್ಮ! ಎಂಗಿತ್ತು ಸಿನಿಮಾ?"

"ಕತೆ ಎಲ್ಲಿ ನೋಡ್ದೆ? ಅಂಟು ಎಣಿಸ್ತಾ ಕೂತಿದ್ದೆ. ಅವನು ಸಿಕ್ಕಿಬಿದ್ನಾ?"

ಮೇಷ್ಟ್ರು ನಕ್ಕು, ರೀಲುಗಳ ಸ್ಥಿತಿ ಬರೆದು ಪೆಟ್ಟಿಗೆಯ ಜೊತೆ ಕಳಿಸುವ ಕಾರ್ಡು ತೆಗೆದು ಸಹಿ ಮಾಡಲು ಹೋದರು.

"ಹೊಸ ಅಂಟು ಎಂಟು ಅಂತ ಬರೀರಿ," ಅಂದಳು ಚಂದ್ರಮತಿ.

"ಯಾರಿಗೂ ಕಾಣ್ಲಿಲ್ವಲ್ಲ. ಬರೆದ್ರೆ ಸಂಘಕ್ಕೇ ಕುತ್ತು."

"ಕಣ್ಣಿಗೆ ಕಾಣ್ಲಿಲ್ಲ. ಅಲ್ಲಿ ಇದನ್ನ ಸುತ್ತೋರ ಬೆರಳಿಗೆ ಸಿಗುತ್ತೆ. ಆಗ ಅವರು, ಕತ್ತರಿಸಿ ಮುಚ್ಚಿಟ್ಟಿದ್ದಾರೆ ಅಂತಾರೆ. ಕತ್ತರಿಸಿದ್ದು ನಾನು, ಬರೀರಿ."

ಮೇಷ್ಟ್ರು ಕಾರ್ಡನ್ನು ಮಂಡಿಯ ಮೇಲಿಟ್ಟುಕೊಂಡು ಬರೆದರು. ಅಂಕಿ ಎಂಟೇ ಹೌದೋ ಅಂತ ಅವಳು ಬಗ್ಗಿ ನೋಡಿದಳು.

ಮುಂದಿನ ತಿಂಗಳ ಪೆಟ್ಟಿಗೆ ಒಂದು ವಾರ ತಡವಾಗಿ ಬಂತು. ಆ ವಾರ ಮೇಷ್ಟ್ರು ದಿನಕ್ಕೆರಡು ಸಲ ಟಾಕೀಸಿಗೆ ಬಂದು ಹೋದರು. ಪೆಟ್ಟಿಗೆಯೊಳಗೆ ಟೈಪು ಮಾಡಿದ ಒಂದು ಕಾಗದವಿತ್ತು: ಅಂಟುಗಳು ಸರಿಯಾಗಿವೆ, ಆದರೆ ಕಪ್ಪು ಭಾಗಗಳನ್ನು ಯಾವ ಕಾರಣಕ್ಕೂ ಕತ್ತರಿಸಕೂಡದು. ಮೂಗಯ್ಯ ಅದನ್ನು ಗಟ್ಟಿಯಾಗಿ ಮೂರು ಸಲ ಓದಿ ಓದಿ ನಕ್ಕ. ಚಂದ್ರಮತಿ ಕಾಗದವನ್ನು ಕಿತ್ತುಕೊಂಡು, ಅದೇ ಸಿಮೆಂಟಿನಿಂದ ತನ್ನ ಕೆಲಸದ ಬೆಂಚಿನ ಮೇಲಿನ ಗೋಡೆಗೆ ಅಂಟಿಸಿ, ಹೊಸ ಪೆಟ್ಟಿಗೆಯ ಮೊದಲ ರೀಲು ಸುತ್ತಲು ಕೂತಳು.